ತಗ್ಗಿದ ಮುಂದಿನ ಸ್ಪ್ರಿಂಗನ್ನು ಕಾಯಿಸಿ ಎಳೆದರೆ ಮತ್ತೆ ಹೊಸದಾಗುತ್ತದೆಯೇ?

ಹಳೆಯ ಪಿಕಪ್ ಗಾಡಿಯ ಮೂತಿ ತಗ್ಗಿದರೆ ಹೊಸ ಸ್ಪ್ರಿಂಗ್ ಕೊಳ್ಳುವ ಅಗತ್ಯವಿಲ್ಲ, ಹಳೆಯದನ್ನೇ ಬಿಚ್ಚಿ ಕೆಂಪಗೆ ಕಾಯಿಸಿ ಸ್ವಲ್ಪ ಎಳೆದರೆ ಸಾಕು ಎನ್ನುವ ಧಾಟಿಯ ಸಂದೇಶಗಳು ಚಾಲಕರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ತುರುಕಿ ಎನ್ನುವವರಿದ್ದಾರೆ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಗಾಡಿ ತಾನಾಗಿ ಏಳುತ್ತದೆ ಎನ್ನುವವರೂ ಇದ್ದಾರೆ. ಎರಡು ತುಂಡು ಬೈಂಡಿಂಗ್ ವೈರ್ ಇದ್ದರೆ ಮನೆ ಅಂಗಳದಲ್ಲೇ ಸ್ಪ್ರಿಂಗ್ ಬದಲಿಸಬಹುದು ಎಂಬ ವಿಡಿಯೋಗಳೂ ಸಿಗುತ್ತವೆ.

ಇವುಗಳಲ್ಲಿ ರಬ್ಬರಿನ ಮಾತು ಅರ್ಧ ನಿಜ, ಶಾಕ್‌ನ ಮಾತು ತಪ್ಪು ತಿಳಿವಳಿಕೆ. ಕಾಯಿಸಿ ಎಳೆಯುವುದು ಮತ್ತು ವೈರ್ ಕಟ್ಟಿ ಬಿಚ್ಚುವುದು ಅಪಾಯ. ವೈರಿನ ವಿಡಿಯೋವನ್ನು ನೀವು ಈಗಾಗಲೇ ಯಾರಿಗಾದರೂ ಕಳಿಸಿದ್ದರೆ, ಅದರ ಹಿಂದೆ ಇದನ್ನೂ ಕಳಿಸಿ.

ಮೊದಲು ನಿಮ್ಮ ಗಾಡಿಯ ಕೆಳಗೆ ಬಗ್ಗಿ ನೋಡಿ

ಪಿಕಪ್ ಎಂದರೆ ಎಲ್ಲವೂ ಒಂದೇ ಅಲ್ಲ. 2005ರಲ್ಲಿ ಬಂದ ಟಾಟಾ ಏಸ್‌ಗೆ ಮುಂದೆಯೂ ಹಿಂದೆಯೂ ಉದ್ದ ಪಟ್ಟಿಗಳ ಪ್ಲೇಟ್ ಸ್ಪ್ರಿಂಗ್. ಮಾರುತಿ ಸೂಪರ್ ಕ್ಯಾರಿಗೆ ಮುಂದೆ ಸ್ಟ್ರಟ್, ಅಂದರೆ ಶಾಕ್‌ನ ಸುತ್ತಲೇ ಕೂರುವ ಕಾಯಿಲ್ ಸ್ಪ್ರಿಂಗ್, ಹಿಂದೆ ಪ್ಲೇಟ್. ಇಸುಜು ಡಿ-ಮ್ಯಾಕ್ಸ್‌ಗೆ ಮುಂದೆ ಎರಡು ಆರ್ಮ್‌ಗಳ ಜೊತೆ ಕಾಯಿಲ್. ಮಹೀಂದ್ರದ ಗಾಡಿಗಳಲ್ಲಿ ಮಾದರಿ ಮತ್ತು ವರ್ಷ ನೋಡಿಯೇ ಹೇಳಬೇಕು. ಇನ್ನು ಕೆಲವು ಗಾಡಿಗಳಲ್ಲಿ ಕಾಯಿಲ್ಲೂ ಇಲ್ಲ, ಪ್ಲೇಟೂ ಇಲ್ಲ. ಚಾಸಿಗೆ ಸಮನಾಗಿ ಉದ್ದಕ್ಕೆ ಮಲಗಿರುವ ಒಂದು ಉಕ್ಕಿನ ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಅದಕ್ಕೆ ಟಾರ್ಶನ್ ಬಾರ್ ಎನ್ನುತ್ತಾರೆ. ಅದರ ಎತ್ತರವನ್ನು ಒಂದು ಬೋಲ್ಟ್ ತಿರುಗಿಸಿ ಸರಿಪಡಿಸಬಹುದು. ‘ಒಂದು ಬೋಲ್ಟ್ ತಿರುಗಿಸಿ ಗಾಡಿ ಎತ್ತಿ’ ಎನ್ನುವ ವಿಡಿಯೋ ಆ ಗಾಡಿಗೆ ನಿಜ, ಕಾಯಿಲ್ ಇರುವ ಗಾಡಿಗೆ ಅಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಮುಂದೆ ಹೇಳುವುದೆಲ್ಲ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳ ಮಾತು.

ಸ್ಪ್ರಿಂಗ್ ‘ಮೆತ್ತಗಾಗುವುದು’ ಎಂದರೇನು?

ಸ್ಪ್ರಿಂಗ್ ಹಳತಾದರೆ ಅದರ ಬಿಗುವು ಕಡಿಮೆಯಾಗುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಕಾಯಿಲ್ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದನ್ನು ನಿರ್ಧರಿಸುವುದು ನಾಲ್ಕು ಸಂಗತಿ: ಉಕ್ಕಿನ ಸಹಜ ಗುಣ, ಸರಳಿನ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ. ಉಕ್ಕಿನ ಈ ಸಹಜ ಗುಣ ವಯಸ್ಸಿನಿಂದ ಬದಲಾಗುವುದಿಲ್ಲ. ಬದಲಾಗುವುದು ಸ್ಪ್ರಿಂಗಿನ ಉದ್ದ. ವರ್ಷಗಟ್ಟಲೆ ಭಾರದಡಿ ಇದ್ದು, ಅದರ ಮೇಲೆ ಹಳ್ಳಕ್ಕೆ ಬಿದ್ದಾಗ, ಮಿತಿಮೀರಿ ಲೋಡ್ ಹೇರಿದಾಗ ಉಕ್ಕು ಕೂದಲೆಳೆಯಷ್ಟು ಶಾಶ್ವತವಾಗಿ ಬಾಗುತ್ತದೆ. ಸಾವಿರಾರು ಸಲ ಹೀಗಾದರೆ ಸ್ಪ್ರಿಂಗ್ ಗಿಡ್ಡವಾಗುತ್ತದೆ. ಬಿಗುವು ಅಷ್ಟೇ ಇರುತ್ತದೆ, ಆದರೆ ಗಾಡಿ ಕೆಳಗೆ ಕೂತಿರುತ್ತದೆ. ಆಗ ಚಕ್ರ ಮೇಲೇಳಲು ಜಾಗ ಸಾಲದೆ ಪ್ರತಿ ಗುಂಡಿಗೂ ‘ದಡ್’ ಎಂದು ಬಂಪ್ ರಬ್ಬರಿಗೆ ಹೊಡೆಯುತ್ತದೆ.

ಒಂದು ಅಂದಾಜು ಲೆಕ್ಕ ನೋಡೋಣ. 14 ಮಿ.ಮೀ. ದಪ್ಪದ ಸರಳು, ಸುತ್ತಿನ ಸರಾಸರಿ ಅಗಲ 110 ಮಿ.ಮೀ., ಕೆಲಸ ಮಾಡುವ ಸುತ್ತುಗಳು 7 ಎಂದುಕೊಳ್ಳಿ. ಇಂಥ ಸ್ಪ್ರಿಂಗನ್ನು ಒಂದು ಮಿ.ಮೀ. ಒತ್ತಲು ಸುಮಾರು 4 ಕಿಲೋ ಭಾರ ಬೇಕು. ಅದರ ಮೇಲೆ 400 ಕಿಲೋ ಬಂದರೆ ಹತ್ತಿರ ಹತ್ತಿರ 10 ಸೆಂ.ಮೀ. ಕುಗ್ಗುತ್ತದೆ.

ಇಲ್ಲಿ ಸರಳಿನ ದಪ್ಪದ ಮಹಿಮೆ ದೊಡ್ಡದು. ಬಿಗುವು ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. 14 ಮಿ.ಮೀ. ಸರಳು ತುಕ್ಕು ತಿಂದು 13 ಆದರೆ ನಷ್ಟ ಹದಿನಾಲ್ಕರಲ್ಲಿ ಒಂದು ಪಾಲಲ್ಲ, ಬಿಗುವಿನ ಕಾಲು ಭಾಗವೇ ಹೋಗುತ್ತದೆ. ಹಾಗಾಗಿ ವಯಸ್ಸು ಕಸಿಯದ ಬಿಗುವನ್ನು ತುಕ್ಕು ಕಸಿಯುತ್ತದೆ. ಮಲೆನಾಡಿನ ಗಾಡಿಗಳಿಗೆ ಇದು ಸಣ್ಣ ವಿಷಯವಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ತೋಟಗಳ ಮಣ್ಣುರಸ್ತೆಯಲ್ಲಿ ಮಳೆಗಾಲವಿಡೀ ಓಡಿದ ಗಾಡಿಯ ಸ್ಪ್ರಿಂಗ್ ಕೂರುವ ಬಟ್ಟಲಲ್ಲಿ ಕೆಂಪು ಕೆಸರು ತುಂಬಿ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಕಲ್ಲು ಸಿಡಿದು ಬಣ್ಣ ಹಾರಿದ ಜಾಗದಲ್ಲಿ ತುಕ್ಕಿನ ಸಣ್ಣ ಗುಳಿ, ಗುಳಿಯಿಂದ ಬಿರುಕು, ಬಿರುಕಿನಿಂದ ಒಂದು ದಿನ ತುಂಡು. ಸ್ಪ್ರಿಂಗ್‌ಗಳು ಹೆಚ್ಚಾಗಿ ಕೆಳಗಿನ ಸುತ್ತಿನಲ್ಲೇ ಮುರಿಯುವುದಕ್ಕೆ ಇದೂ ಒಂದು ಕಾರಣ. ಮುರಿದ ತುದಿ ಚೂಪಾಗಿರುತ್ತದೆ, ಕೆಲವು ಗಾಡಿಗಳಲ್ಲಿ ಅದು ಟೈರಿನ ಒಳಬದಿಗೆ ತಾಗುವಷ್ಟು ಹತ್ತಿರ ಇರುತ್ತದೆ.

ಕುಲುಮೆಯಲ್ಲಿ ಏನಾಗುತ್ತದೆ

ಭದ್ರಾವತಿಯ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಕಟ್ಟಿಗೆಯ ಇದ್ದಿಲಿನಿಂದ ಕರಗಿಸುತ್ತಾ 1923ರಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಯೇ ಮುಂದೆ ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆಯಾಗಿ ಮಿಶ್ರಲೋಹದ ವಿಶೇಷ ಉಕ್ಕಿಗೆ ಹೆಸರಾಯಿತು. ಉಕ್ಕಿನ ಗುಣ ಅದರಲ್ಲಿ ಏನೇನು ಬೆರೆತಿದೆ ಎಂಬುದರಲ್ಲಿ ಮಾತ್ರ ಇಲ್ಲ, ಅದಕ್ಕೆ ಯಾವ ಹದ ಹಾಕಿದ್ದಾರೆ ಎಂಬುದರಲ್ಲೂ ಇದೆ ಎಂಬುದು ಆ ಊರಿಗೆ ಹೊಸ ವಿಷಯವಲ್ಲ.

ಗಾಡಿಯ ಸ್ಪ್ರಿಂಗ್‌ಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ, ವೆನೇಡಿಯಂ ಬೆರೆತ ಉಕ್ಕು ಬಳಸುತ್ತಾರೆ. ಕಾರ್ಖಾನೆಯಲ್ಲಿ ಅದನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಸ್ವಲ್ಪ ಮೇಲಕ್ಕೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಉಕ್ಕು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪೆಡಸು. ಆ ಪೆಡಸು ಹೋಗಲು ಮತ್ತೆ 400ರಿಂದ 500 ಡಿಗ್ರಿ ಆಸುಪಾಸಿನಲ್ಲಿ ಅಳತೆಯಿಟ್ಟು ಕಾಯಿಸುತ್ತಾರೆ. ಸ್ಪ್ರಿಂಗ್ ಬಾಗಿ ಮತ್ತೆ ನೆಟ್ಟಗಾಗುವ ಶಕ್ತಿ ಬರುವುದು ಈ ಎರಡನೇ ಕಾಯಿಸುವಿಕೆಯಿಂದ. ಅದಾದ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಸಿಡಿಸಿ ಮೇಲ್ಮೈಯನ್ನು ಬಡಿಯುತ್ತಾರೆ. ಇದರಿಂದ ಮೇಲ್ಮೈ ಒಳಮುಖವಾಗಿ ಬಿಗಿದುಕೊಂಡು ಬಿರುಕು ಹುಟ್ಟುವುದು ತಡವಾಗುತ್ತದೆ. ಕೊನೆಗೆ ಸ್ಪ್ರಿಂಗನ್ನು ಪೂರ್ತಿ ಒತ್ತಿ ಬಿಟ್ಟು, ಮೊದಲ ಕುಗ್ಗುವಿಕೆಯನ್ನು ಕಾರ್ಖಾನೆಯಲ್ಲೇ ಮುಗಿಸಿಬಿಡುತ್ತಾರೆ.

ಈಗ ಗ್ಯಾಸ್ ಟಾರ್ಚಿನ ವಿಡಿಯೋ ನೆನಪಿಸಿಕೊಳ್ಳಿ. ಉಕ್ಕು ಕಣ್ಣಿಗೆ ಕೆಂಪಗೆ ಕಾಣುವ ಹೊತ್ತಿಗೆ 500 ಡಿಗ್ರಿ ದಾಟಿರುತ್ತದೆ. ಕಾರ್ಖಾನೆ ಹಾಕಿದ ಹದ ಅಲ್ಲಿಗೆ ಮುಗಿಯಿತು. ಗಾಳಿಗೆ ಬಿಟ್ಟು ತಣ್ಣಗಾದರೆ ಮೆದು ಉಕ್ಕು: ಎಳೆದಾಗ ಉದ್ದವಾದದ್ದು ನಿಜ, ಆದರೆ ಗಾಡಿಯ ಭಾರ ಬಿದ್ದು ಕೆಲವೇ ಗುಂಡಿ ಹಾರಿದರೆ ಮೊದಲಿಗಿಂತ ಹೆಚ್ಚು ಕೂರುತ್ತದೆ. ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿ ಹಾಗೆಯೇ ಜೋಡಿಸಿದರೆ ಇನ್ನೂ ಕೆಟ್ಟದ್ದು, ಪೆಡಸಾಗಿ ಎಚ್ಚರಿಕೆಯಿಲ್ಲದೆ ತುಂಡಾಗಬಹುದು. ಟಾರ್ಚು ತಾಗಿದ ಜಾಗ ಒಂದು ಬಗೆ, ತಾಗದ ಜಾಗ ಇನ್ನೊಂದು ಬಗೆ ಆಗುವುದಂತೂ ಖಂಡಿತ.

‘ಆದರೆ ನಮ್ಮೂರ ಆಚಾರರು ಲಾರಿ ಪ್ಲೇಟಿನಿಂದಲೇ ಕತ್ತಿ ಮಾಡುತ್ತಾರಲ್ಲ, ಅದು ಮುರಿಯುವುದಿಲ್ಲವಲ್ಲ?’ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಅವರು ಕಾಯಿಸಿದಾಗ ಹಳೆಯ ಹದ ಪೂರ್ತಿ ಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಅದಕ್ಕೇ ಬಡಿದು ಮುಗಿಸಿದ ಮೇಲೆ ಬಾಯಿಗೆ ಹೊಸದಾಗಿ ಹದ ಹಾಕುತ್ತಾರೆ. ಹದ ಸ್ವಲ್ಪ ಹೆಚ್ಚು ಕಡಿಮೆಯಾದರೆ ಕತ್ತಿಯ ಬಾಯಿ ಚಕ್ಕೆ ಏಳುತ್ತದೆ, ಇಲ್ಲವೇ ಮಡಚುತ್ತದೆ. ಅಷ್ಟೇ ನಷ್ಟ. ಲಕ್ಷಾಂತರ ಸಲ ಬಾಗಿ ಏಳಬೇಕಾದ, ಗಾಡಿಯನ್ನು ಹೊತ್ತ ಸರಳಿಗೆ ಆ ರಿಯಾಯಿತಿ ಇಲ್ಲ.

ರಬ್ಬರು, ಶಾಕು, ಕತ್ತರಿಸಿದ ಸ್ಪ್ರಿಂಗು

ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್‌ನಿಂದ ಗಾಡಿ ಏಳುತ್ತದೆ, ಸುಳ್ಳಲ್ಲ. ಆದರೆ ರಬ್ಬರ್ ಇರುವ ಕಡೆ ಸುತ್ತುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಹೆಚ್ಚು ಹೊರೆ ಬೀಳುತ್ತದೆ. ರಬ್ಬರಿನಡಿ ನೀರು ನಿಂತು ಬಣ್ಣವೂ ಏಳುತ್ತದೆ. ನಾಲ್ಕು ದಿನದ ಅವಸರಕ್ಕೆ ಸರಿ ಎನ್ನಬಹುದೇನೋ. ಮಳೆಗಾಲ ಪೂರ್ತಿ ಅದರಲ್ಲೇ ಓಡಿಸುತ್ತೇನೆ ಎಂದರೆ ನಾನಂತೂ ಒಪ್ಪುವುದಿಲ್ಲ.

ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದು ಅದರ ಕೆಲಸ. ಮುಂಭಾಗವನ್ನು ಒತ್ತಿ ಬಿಟ್ಟಾಗ ಎರಡು ಮೂರು ಸಲ ತೂಗಾಡಿದರೆ ಶಾಕ್ ಹೋಗಿದೆ. ಸುಮ್ಮನೆ ನಿಂತಾಗಲೇ ಮೂತಿ ಕೆಳಗಿದ್ದರೆ ಸ್ಪ್ರಿಂಗ್ ಹೋಗಿದೆ. ಎರಡೂ ಹೋಗಿರುವುದೇ ಹೆಚ್ಚು, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೂಲಿ ಉಳಿಯುತ್ತದೆ.

ದೊಡ್ಡ ಗಾಡಿಯ ಸ್ಪ್ರಿಂಗ್ ತಂದು ಸುತ್ತು ಕತ್ತರಿಸಿ ಕೂರಿಸುವುದೂ ಉಂಟು. ಏಳು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಬಿಗುವು ಸುಮಾರು 17% ಹೆಚ್ಚುತ್ತದೆ, ಆದರೆ ಕತ್ತರಿಸಿದ ತುದಿ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೆಚ್ಚು ಲೋಡ್ ಹೊರಬಹುದು ಎಂಬುದೂ ಸರಿಯಲ್ಲ. ಬ್ರೇಕು, ಟೈರು, ಆಕ್ಸಲ್ ಹಳೆಯವೇ ಇರುತ್ತವೆ, ಆರ್‌ಸಿಯಲ್ಲಿ ನಮೂದಾದ ತೂಕವೂ ಹಳೆಯದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. ಅಧಿಕ ಲೋಡಿಗೆ 194ನೇ ಕಲಂ ಅಡಿ 20,000 ರೂಪಾಯಿ ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿವರ್ಷ ಎಫ್‌ಸಿ ಆಗಬೇಕು. ಅಲ್ಲಿಯೂ ಇದು ಕಣ್ಣಿಗೆ ಬೀಳಬಹುದು.

ಬೈಂಡಿಂಗ್ ವೈರ್ ಏಕೆ ಬೇಡ

ಗಾಡಿಯಲ್ಲಿ ಕೂತಿರುವ ಸ್ಪ್ರಿಂಗ್ ಸುಮ್ಮನಿದ್ದಂತೆ ಕಾಣುತ್ತದೆ. ಅದು ಸುಮ್ಮನಿಲ್ಲ. ಮೇಲೆ ಲೆಕ್ಕ ಹಾಕಿದ ಸ್ಪ್ರಿಂಗನ್ನೇ ಬಿಚ್ಚಲು ಅಥವಾ ಕೂರಿಸಲು 15 ಸೆಂ.ಮೀ. ಒತ್ತಿ ಹಿಡಿದಿದ್ದೀರಿ ಎಂದುಕೊಳ್ಳಿ. ಅದರಲ್ಲಿ ತುಂಬಿರುವ ಶಕ್ತಿ ಸುಮಾರು 460 ಜೂಲ್. 50 ಕಿಲೋದ ಸಿಮೆಂಟ್ ಚೀಲವನ್ನು ಮೂರಡಿ ಮೇಲಿನಿಂದ ಕೈಬಿಟ್ಟರೆ ನೆಲಕ್ಕೆ ಬಡಿಯುವ ಶಕ್ತಿ ಅಷ್ಟೇ. ವ್ಯತ್ಯಾಸವೆಂದರೆ ಚೀಲ ಕೆಳಕ್ಕೆ ಬೀಳುತ್ತದೆ ಎಂದು ಗೊತ್ತಿರುತ್ತದೆ. ಜಾರಿದ ಸ್ಪ್ರಿಂಗ್ ಯಾವ ಕಡೆ ಹಾರುತ್ತದೆಂದು ಗೊತ್ತಿರುವುದಿಲ್ಲ, ಮತ್ತು ಬಿಚ್ಚುವವರ ಮುಖ ಎರಡಡಿ ದೂರದಲ್ಲೇ ಇರುತ್ತದೆ. ಕಟ್ಟಡದ ಕಂಬಿ ಕಟ್ಟುವ ವೈರ್, ನೈಲಾನ್ ಹಗ್ಗ, ಹಳೆಯ ಬೈಕ್ ಚೈನು, ಇವು ಯಾವುದೂ ಈ ಶಕ್ತಿಯನ್ನು ಹಿಡಿದಿಡಲು ಮಾಡಿದವಲ್ಲ. ವಿಡಿಯೋದಲ್ಲಿ ಒಂದು ಸಲ ಏನೂ ಆಗದಿರುವುದು ಸಾಕ್ಷಿಯಲ್ಲ. ಏನಾದರೂ ಆದ ವಿಡಿಯೋವನ್ನು ಯಾರೂ ಹಾಕುವುದಿಲ್ಲ.

ಇದಕ್ಕೆಂದೇ ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಾಧನ ಇದೆ. ನಿಮ್ಮ ಮೆಕ್ಯಾನಿಕ್ ಹತ್ತಿರ ಅದು ಇಲ್ಲದಿದ್ದರೆ ಇರುವವರ ಹತ್ತಿರ ಹೋಗಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಂಥ ಜಾಗದಲ್ಲಿ ನಾಲ್ಕು ಕಡೆ ವಿಚಾರಿಸುವುದು ಕಷ್ಟವಲ್ಲ. ‘ಸ್ಪ್ರಿಂಗ್ ಯಾವುದರಿಂದ ಒತ್ತುತ್ತೀರಿ, ತೋರಿಸಿ’ ಎಂದು ಕೇಳಲು ಸಂಕೋಚ ಬೇಡ.

ಸರಿಯಾದ ಕ್ರಮ

ಮೊದಲು ಅಳತೆ. ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟೈರ್ ಗಾಳಿ ಸರಿ ಮಾಡಿ, ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಟೇಪ್ ಹಿಡಿಯಿರಿ. ನೆಲದಿಂದ ಅಳೆದರೆ ಟೈರಿನ ಸವಕಳಿಯೂ ಸೇರಿ ಲೆಕ್ಕ ತಪ್ಪುತ್ತದೆ. ಎರಡು ಬದಿಯ ಅಳತೆಯಲ್ಲಿ ಎದ್ದು ಕಾಣುವ ಅಂತರವಿದ್ದರೆ, ಅಥವಾ ಮ್ಯಾನ್ಯುಯಲ್ ಹೇಳುವ ಎತ್ತರಕ್ಕಿಂತ ಕೆಳಗಿದ್ದರೆ, ಸ್ಪ್ರಿಂಗ್ ಅನುಮಾನಿಸಿ. ಮುಂದೆ ಭಾರದ ಕ್ರ್ಯಾಶ್ ಗಾರ್ಡ್ ಹಾಕಿಸಿದ್ದರೆ ಅದೂ ಒಂದು ಕಾರಣವೇ. ಅದನ್ನು ತೆಗೆಸಿ ಮತ್ತೆ ಅಳೆಯಿರಿ.

ಸ್ಪ್ರಿಂಗನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಗಾಡಿ ಒಂದು ಬದಿಗೆ ವಾಲುತ್ತದೆ, ಬ್ರೇಕ್ ಹಾಕಿದಾಗಲೂ ಎರಡು ಬದಿ ಒಂದೇ ರೀತಿ ಕೂರುವುದಿಲ್ಲ. ಕೊಳ್ಳುವಾಗ ಗಾಡಿಯ ಹೆಸರು ಹೇಳಿದರೆ ಸಾಲದು. ವರ್ಷ, ಎಂಜಿನ್, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ನೋಡಿ. ಕೆಲವು ಗಾಡಿಗಳಲ್ಲಿ ಎಡ ಬಲ ಬೇರೆ ಬೇರೆ ಇರುತ್ತವೆ, ಸುತ್ತಿನ ಮೇಲೆ ಹಾಕಿದ ಬಣ್ಣದ ಗುರುತು ಅದಕ್ಕೇ. ಜೊತೆಗೆ ಸ್ಪ್ರಿಂಗ್ ಕೂರುವ ರಬ್ಬರ್ ಸೀಟು ಮತ್ತು ಬಂಪ್ ರಬ್ಬರನ್ನೂ ಹೊಸದಾಗಿ ತಂದುಬಿಡಿ. ಹಳೆ ಗಾಡಿಯಲ್ಲಿ ಅವು ಬಿಚ್ಚುವಾಗಲೇ ಪುಡಿಯಾಗುತ್ತವೆ.

ಎತ್ತುವ ಮೊದಲೇ ಚಕ್ರದ ನಟ್‌ಗಳನ್ನು ಸ್ವಲ್ಪ ಸಡಿಲಿಸಬೇಕು. ಹಿಂದಿನ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಬೇಕು. ಜಾಕ್ ಎತ್ತಲಿಕ್ಕೆ ಮಾತ್ರ, ಹಿಡಿದಿಡಲಿಕ್ಕಲ್ಲ: ಗಾಡಿ ನಿಲ್ಲಬೇಕಾದ್ದು ಚಾಸಿಯ ಕೆಳಗಿಟ್ಟ ಉಕ್ಕಿನ ಸ್ಟ್ಯಾಂಡ್‌ಗಳ ಮೇಲೆ. ಜಂಬಿಟ್ಟಿಗೆ ಕಲ್ಲನ್ನೋ ಸಿಮೆಂಟ್ ಇಟ್ಟಿಗೆಯನ್ನೋ ಪೇರಿಸಿ ಅದರ ಮೇಲೆ ಗಾಡಿ ಕೂರಿಸಿ ಕೆಳಗೆ ಹೋಗುವುದು ನಮ್ಮ ಕಡೆ ತೀರಾ ಸಾಮಾನ್ಯ, ಮತ್ತು ತೀರಾ ಅಪಾಯ. ಅವು ಬಿರುಕು ಬಿಡುವ ಮುನ್ನ ಸದ್ದು ಮಾಡುವುದಿಲ್ಲ.

ಸ್ಟ್ರಟ್ ಇರುವ ಗಾಡಿಯಲ್ಲಿ ಇಡೀ ಸ್ಟ್ರಟ್ ಹೊರತೆಗೆದು, ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಒಂದು ಬದಿ ಎರಡು ಸುತ್ತು, ಇನ್ನೊಂದು ಬದಿ ಎರಡು ಸುತ್ತು ಎಂದು ಸಮನಾಗಿ ಕೈಯಿಂದಲೇ ಬಿಗಿಸುತ್ತಾ ಹೋಗಬೇಕು. ಸ್ಪ್ರಿಂಗ್ ಎರಡೂ ಕಡೆ ಬಟ್ಟಲಿನಿಂದ ಸಡಿಲವಾಗಿ ಅಲುಗಾಡಿದ ಮೇಲಷ್ಟೇ ಮೇಲಿನ ನಟ್ ಬಿಚ್ಚಬೇಕು. ಅದಕ್ಕೆ ಮೊದಲು ಆ ನಟ್ ಮುಟ್ಟಬಾರದು. ಸ್ಪ್ರಿಂಗ್‌ನಿಂದಾಗುವ ಗಂಭೀರ ಗಾಯಗಳಿಗೆ ಅವಸರದಲ್ಲಿ ಬಿಚ್ಚಿದ ಈ ಒಂದು ನಟ್ ಸಾಕು. ಸ್ಪ್ರಿಂಗ್ ಪ್ರತ್ಯೇಕವಾಗಿ ಚಾಸಿ ಮತ್ತು ಲೋವರ್ ಆರ್ಮ್ ನಡುವೆ ಕೂರುವ ಗಾಡಿಯಲ್ಲಿ ಆರ್ಮ್ ಕೆಳಗೆ ಜಾಕ್ ಕೊಟ್ಟು, ಸ್ಪ್ರಿಂಗನ್ನು ಒಳಗೇ ಕಂಪ್ರೆಸರ್‌ನಿಂದ ಹಿಡಿದು, ಆಮೇಲೆ ಬಾಲ್ ಜಾಯಿಂಟ್ ಬಿಡಿಸಿ ಆರ್ಮನ್ನು ನಿಧಾನ ಇಳಿಸುತ್ತಾರೆ. ಇದು ಅನುಭವ ಇರುವವರ ಕೆಲಸ, ವಿಡಿಯೋ ನೋಡಿ ಕಲಿಯುವುದಲ್ಲ. ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ದರೆ ಪೈಪಿಗೆ ನೇತಾಡಲು ಬಿಡದೆ ತಂತಿಯಿಂದ ಮೇಲೆ ಕಟ್ಟಬೇಕು. ಬೈಂಡಿಂಗ್ ವೈರ್‌ಗೆ ಇಲ್ಲಿ ನ್ಯಾಯವಾದ ಕೆಲಸ ಇದೆ.

ಹೊಸ ಸ್ಪ್ರಿಂಗ್ ಕೂರಿಸುವಾಗ ಅದರ ಕೊನೆಯ ತುದಿ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ನಿಂತಿದೆಯೇ ನೋಡಿ. ಇಲ್ಲದಿದ್ದರೆ ಓಡುವಾಗ ತಿರುಗಿ ಕೂತು ಎತ್ತರ ಬದಲಾಗುತ್ತದೆ, ‘ಟಕ್’ ಸದ್ದು ಬರುತ್ತದೆ.

ಒಳ್ಳೆಯ ಗ್ಯಾರೇಜುಗಳಲ್ಲೂ ತಪ್ಪಿಹೋಗುವ ಒಂದು ಸಂಗತಿ ಇದೆ. ಲೋವರ್ ಆರ್ಮಿನ ಬುಷ್ ಬೋಲ್ಟುಗಳನ್ನು ಸಡಿಲಿಸಿದ್ದರೆ, ಗಾಡಿ ಸ್ಟ್ಯಾಂಡ್ ಮೇಲಿದ್ದು ಚಕ್ರ ನೇತಾಡುತ್ತಿರುವಾಗ ಅವನ್ನು ಪೂರ್ತಿ ಬಿಗಿಯಬಾರದು. ಬುಷ್‌ನ ರಬ್ಬರ್ ಆ ನೇತಾಡುವ ಸ್ಥಿತಿಯಲ್ಲೇ ಅಂಟಿಕೊಂಡು, ಗಾಡಿ ಇಳಿಸಿದಾಗ ಸದಾ ತಿರುಚಿಕೊಂಡಿರುತ್ತದೆ. ಕೆಲವು ತಿಂಗಳಲ್ಲಿ ಹರಿಯುತ್ತದೆ. ಆಗ ಗ್ರಾಹಕರು ಬೈಯುವುದು ಹೊಸ ಸ್ಪ್ರಿಂಗನ್ನು. ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆ, ಮ್ಯಾನ್ಯುಯಲ್ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಬೇಕು.

ಬದಲಿಸಿದ ಮೇಲೆ

ಮುಂಭಾಗದ ಎತ್ತರ ಬದಲಾದರೆ ಚಕ್ರಗಳ ಓರೆಯೂ ಬದಲಾಗುತ್ತದೆ, ಹಾಗಾಗಿ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಸ್ಪ್ರಿಂಗಿಗೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಟೈರಿನಲ್ಲಿ ಕಳೆಯುತ್ತೀರಿ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಕೂರಬಹುದು. ಆಮೇಲೆ ಟೇಪ್ ಹಿಡಿದು ಮತ್ತೊಮ್ಮೆ ಅಳೆದು, ನಟ್ ಬೋಲ್ಟ್‌ಗಳ ಬಿಗಿತ ನೋಡಿಸಿ.

ಹೆಡ್‌ಲೈಟ್ ಮರೆಯಬೇಡಿ. ಮೂತಿ ತಗ್ಗಿದ್ದ ಕಾಲದಲ್ಲಿ ಬೆಳಕು ಹತ್ತಿರ ಬೀಳುತ್ತದೆಂದು ಯಾರೋ ದೀಪವನ್ನು ಮೇಲಕ್ಕೆ ತಿರುಗಿಸಿರುತ್ತಾರೆ. ಈಗ ಮುಂಭಾಗ 30 ಮಿ.ಮೀ. ಏರಿದೆ ಎಂದುಕೊಂಡರೆ, ಎರಡೂವರೆ ಮೂರು ಮೀಟರ್ ಅಂತರದ ಚಕ್ರಗಳಿರುವ ಗಾಡಿಯಲ್ಲಿ 25 ಮೀಟರ್ ದೂರಕ್ಕೆ ಬೆಳಕು ಸುಮಾರು ಒಂದಡಿ ಮೇಲೇರುತ್ತದೆ. ರಾತ್ರಿ ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಎದುರಿನ ಬೈಕ್ ಸವಾರನ ಕಣ್ಣಿಗೆ ಆ ಒಂದಡಿ ನೇರವಾಗಿ ಹೊಡೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದ ದಿನವೇ ಗೋಡೆಯೆದುರು ಗಾಡಿ ನಿಲ್ಲಿಸಿ ದೀಪವನ್ನೂ ಇಳಿಸಿಕೊಳ್ಳಿ, ಹಿಂದೆ ಮಾಮೂಲಿ ಹೇರುವಷ್ಟು ಲೋಡ್ ಇದ್ದಾಗ ಒಮ್ಮೆ, ಖಾಲಿ ಇದ್ದಾಗ ಒಮ್ಮೆ ನೋಡಿ.